ಸಂಡೂರಿನ ದಾರಿಯಲ್ಲಿ ನೇರ ಗೆರೆಗಳು

ಬಳ್ಳಾರಿ ಸೀಮೆಯ ಗುಂಡುಬಂಡೆಗಳನ್ನು ಮೊದಲ ಸಲ ನೋಡುವವರಿಗೆ ಎದೆ ಧಸಕ್ಕೆನ್ನುವುದು ಸಹಜ. ಲಾರಿಯಷ್ಟು ದೊಡ್ಡ ಕಲ್ಲು ಅಂಗೈಯಗಲದ ಜಾಗದ ಮೇಲೆ ವಾಲಿಕೊಂಡು ನಿಂತಿರುತ್ತದೆ. ಈಗ ಉರುಳಿತು, ಆಗ ಉರುಳಿತು ಎನ್ನಿಸುತ್ತದೆ. ಆದರೆ ಇವನ್ನು ಯಾರೂ ತಂದು ಪೇರಿಸಿದ್ದಲ್ಲ. ಗ್ರಾನೈಟಿನ ಬಿರುಕುಗಳಿಗೆ ನೀರಿಳಿದು ಮೂಲೆಗಳು ಸವೆದು, ಸುತ್ತಲಿನ ಮಣ್ಣು ಕೊಚ್ಚಿಹೋದ ಮೇಲೆ ಇದ್ದಲ್ಲಿಯೇ ಉಳಿದುಕೊಂಡವು. ಈ ಓರೆಕೋರೆ ನನ್ನನ್ನು ಕಾಡುವುದಿಲ್ಲ. ಬೆಟ್ಟದಲ್ಲಿ ನೇರ ಗೆರೆ ಕಂಡರೆ ಮಾತ್ರ ಕಸಿವಿಸಿಯಾಗುತ್ತದೆ.

ಅಕ್ಕನ ಮಗನ ಬೈಕಿನಲ್ಲಿ ಸಂಡೂರಿಗೆ ಹೊರಟವನು ಮೊದಲು ಸಂಗನಕಲ್ಲಿಗೆ ಹೋಗೋಣ ಎಂದೆ. ಹಿರೇಗುಡ್ಡ ಹತ್ತಿದ್ದೇ ತಡ, ನನ್ನ ಸಿದ್ಧಾಂತಕ್ಕೆ ಪೆಟ್ಟು ಬಿತ್ತು. ಮಾಸಲು ಬಣ್ಣದ ಗ್ರಾನೈಟಿನ ನಡುವೆ ಕರಿಗಲ್ಲಿನ ಪಟ್ಟೆಯೊಂದು ಗುಡ್ಡವನ್ನು ಸೀಳಿಕೊಂಡು ಸಾಗುತ್ತದೆ. ರಸ್ತೆ ಕೆಲಸಕ್ಕೆಂದು ಯಾರೋ ಕಲ್ಲು ಸುರಿದು ಮರೆತು ಹೋದಂತಿದೆ. ಅದು ಡಾಲರೈಟ್, ಬಿರುಕಿನಲ್ಲಿ ಕರಗಿದ ಶಿಲೆ ಮೇಲೇರಿ ಹೆಪ್ಪುಗಟ್ಟಿದ್ದು. ನವಶಿಲಾಯುಗದ ಜನ ಇದೇ ಕಲ್ಲಿನಿಂದ ಕೊಡಲಿ ಮಾಡಿಕೊಂಡರು, ಇದರ ಮೇಲೆಯೇ ಗೂಳಿಗಳನ್ನು ಕುಟ್ಟಿ ಬಿಡಿಸಿದರು. ಬಗ್ಗಿ ನೋಡಿದರೆ ಗೂಳಿಯ ಮೈಯೆಲ್ಲ ಚುಕ್ಕೆ ಚುಕ್ಕೆ. ಕಲ್ಲಿನ ಕಪ್ಪು ಸಿಪ್ಪೆ ಎದ್ದು ಒಳಗಿನ ತಿಳಿಬಣ್ಣ ಕಾಣುತ್ತದೆ. ಕೊಂಬುಗಳು ಮಾತ್ರ ದೇಹಕ್ಕೆ ಮೀರಿದ ಉದ್ದ. ಇಲ್ಲಿನ ಕೆಲವು ಕಲ್ಲುಗಳನ್ನು ತಟ್ಟಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ. ಇಂಥ ಗುಡ್ಡವನ್ನೂ ಕ್ವಾರಿಯವರು ಬಿಟ್ಟಿಲ್ಲ ಎನ್ನುವುದು ಹೊಟ್ಟೆ ಉರಿಸುವ ಸಂಗತಿ.

ಕುಡತಿನಿಯ ಬೂದಿದಿಬ್ಬದ ಬಳಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅದು ಗುಡ್ಡದಂತೆ ಕಂಡರೂ ಗುಡ್ಡವಲ್ಲ. ಸಾವಿರಾರು ವರ್ಷಗಳ ಹಿಂದೆ ದನಗಾಹಿಗಳು ಸಗಣಿ ರಾಶಿ ಹಾಕಿ ಸುಟ್ಟ ಬೂದಿ. ಇದು ಸಗಣಿಯದೇ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ವಾದಿಸಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಮನುಷ್ಯ ಮಾಡಿದ್ದೂ ಇಷ್ಟು ಹಳತಾದರೆ ನೆಲದೊಂದಿಗೆ ರಾಜಿ ಮಾಡಿಕೊಂಡುಬಿಡುತ್ತದೆ.

ತೋರಣಗಲ್ಲು ದಾಟಿದ ಮೇಲೆ ಟಿಪ್ಪರುಗಳ ಸಾಲು. ರಸ್ತೆಬದಿಯ ಬೇವಿನ ಎಲೆಗಳ ಮೇಲೂ ಕೆಂಧೂಳು. ಆಮೇಲೆ ಸಂಡೂರಿನ ಬೆಟ್ಟಸಾಲು. ಈ ಸಾಲನ್ನು ನಾರಿಹಳ್ಳವೇ ಎರಡು ಕಡೆ ಒಡೆದಿದೆ: ಓಬಳಗಂಡಿ, ಭೀಮಗಂಡಿ. ಬೆಟ್ಟದ ಗೋಡೆಯಲ್ಲಿ ಅಷ್ಟು ದೊಡ್ಡ ಬಿರುಕುಗಳಿದ್ದರೂ ಕಣ್ಣಿಗೆ ನೋವಿಲ್ಲ. ನೀರು ಅವಸರ ಮಾಡಿಲ್ಲ.

ನೋವಾಗುವುದು ಅದೇ ಸಾಲಿನ ನೆತ್ತಿಯಲ್ಲಿ. ಒಂದು ಕಡೆಯಿಂದ ಏರುತ್ತ ಬಂದ ಶಿಖರ ತಟ್ಟನೆ ಮಟ್ಟಸವಾಗುತ್ತದೆ. ಕೆಳಗೆ ಒಂದೇ ಎತ್ತರದ, ಒಂದೇ ಅಗಲದ ಮೆಟ್ಟಿಲುಗಳು. ಗಣಿಯ ಭಾಷೆಯಲ್ಲಿ ಬೆಂಚು. ಪಕ್ಕದಲ್ಲಿ ಡಂಪ್, ಅಂದರೆ ಅದಿರಿಗಾಗಿ ತೆಗೆದುಹಾಕಿದ ಮಣ್ಣುಕಲ್ಲಿನ ಗುಡ್ಡೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಮತ್ತೆ ಶುರುಮಾಡಲು ಪರಿಸರ ಪುನಶ್ಚೇತನದ ಷರತ್ತು ಹಾಕಿತು. 'ಸಿ' ವರ್ಗದ, ಅಂದರೆ ಅಕ್ರಮ ಅತಿ ಹೆಚ್ಚು ನಡೆದಿದೆ ಎಂದು ಗುರುತಿಸಿದ ಗಣಿ ಗುತ್ತಿಗೆಗಳನ್ನು 2013ರಲ್ಲಿ ರದ್ದುಪಡಿಸಿತು. ಡಂಪಿನ ಇಳಿಜಾರಿಗೆ ಹೊದಿಸಿದ ತೆಂಗಿನ ನಾರಿನ ಬಲೆ, ಬುಡದ ತಡೆಗೋಡೆ, ಸಾಲು ಸಸಿಗಳು ಎಲ್ಲ ಅಂಥ ಷರತ್ತುಗಳ ಫಲ.

ಅಂಥದ್ದೊಂದು ಇಳಿಜಾರಿನ ಪಕ್ಕದಲ್ಲಿ ಬೈಕ್ ನಿಲ್ಲಿಸಿದೆವು. ಬಲೆ ಅಲ್ಲಲ್ಲಿ ಲಡ್ಡಾಗಿತ್ತು, ಕಣ್ಣುಗಳೊಳಗಿಂದ ಹುಲ್ಲು ತೂರಿ ಬಂದಿತ್ತು. ಮಳೆಗೆ ಕೆಂಪು ಮಣ್ಣು ಹೊಲಗಳಿಗೆ ಹರಿಯುವುದನ್ನು ಅದು ತಡೆಯುತ್ತದೆ. ಬೋಳು ಡಂಪಿಗಿಂತ ನೂರು ಪಾಲು ವಾಸಿ. ಆದರೂ ಒಂದೇ ವಯಸ್ಸಿನ ಗಿಡಗಳು, ಒಂದೇ ಅಂತರ, ಒಂದೇ ಹಸಿರು. ಪಕ್ಕದ ಹಳೆಯ ಕಾಡಿನಲ್ಲಿ ಒಣಗಿದ್ದು, ಬಾಗಿದ್ದು, ಗೆದ್ದಲು ಹಿಡಿದದ್ದು ಎಲ್ಲವೂ ಇತ್ತು. ಇಲ್ಲಿ ಸಾಯಲು ಯಾವ ಗಿಡಕ್ಕೂ ಪುರುಸೊತ್ತಾಗಿರಲಿಲ್ಲ.

"ಇಷ್ಟು ಮಾಡಿದರೂ ನಿಮಗೆ ಸಮಾಧಾನವಿಲ್ಲವಲ್ಲ ಮಾಮ" ಎಂದ ಹುಡುಗ. ಅವನಿಗೆ ಗಣಿಯೊಂದರ ತೂಕದ ಕಟ್ಟೆಯಲ್ಲಿ ಕೆಲಸ. ಬೆಂಚುಗಳಿಲ್ಲದ ಈ ಬೆಟ್ಟವನ್ನು ಅವನು ನೋಡಿಯೇ ಇಲ್ಲ.

"ಮೊದಲು ಹೇಗಿತ್ತು ಇದು?"

ಬೈಕಿನ ಟ್ಯಾಂಕಿನ ಮೇಲಿನ ಧೂಳಿನಲ್ಲಿ ಬೆರಳಿಂದ ಬೆಟ್ಟದ ನೆತ್ತಿಯನ್ನು ನೆನಪಿದ್ದಂತೆ ಬರೆದು ತೋರಿಸಿದೆ. ಅವನು ತಲೆ ಓರೆ ಮಾಡಿ ನೋಡಿದ. "ಇಷ್ಟು ಕಡಿದಾಗಿತ್ತೇ? ಲಾರಿ ಹತ್ತುವುದು ಕಷ್ಟವಿತ್ತು ಬಿಡಿ" ಎಂದು ಕಿಕ್ ಹೊಡೆದ.