ಮ್ಯಾಕ್‌ನೊಳಗೆ ವಿಂಡೋಸ್, ವಿಂಡೋಸ್‌ನೊಳಗೆ ತೊಟ್ಟಿಮನೆ

ಮೇ ಕೊನೆ

ಕೊಪ್ಪದ ಹತ್ತಿರ ದೊಡ್ಡಮ್ಮನ ತೊಟ್ಟಿಮನೆ ಇದೆ. ಮಳೆಗಾಲ ಮುಗಿದ ಮೇಲೆ ಮಾಡು ಬಿಚ್ಚಿ ಕಟ್ಟಿಸುತ್ತಾರಂತೆ. ಬಿಚ್ಚುವ ಮೊದಲು ಇದ್ದದ್ದು ಇದ್ದ ಹಾಗೇ ಒಂದು ನಕ್ಷೆ ಮಾಡಿಡುವ ಆಸೆ ನನ್ನದು. ನಾನು ನಕ್ಷೆ ಎಳೆಯುವುದು ಆಟೋಕ್ಯಾಡ್ ಎಂಬ ಸಾಫ್ಟ್‌ವೇರಿನ ವಿಂಡೋಸ್ ಆವೃತ್ತಿಯಲ್ಲಿ. ಆಫೀಸಿನ ಕಂಪ್ಯೂಟರ್ ಚಿಕ್ಕಮಗಳೂರು ಬಿಟ್ಟು ಅಲ್ಲಾಡುವುದಿಲ್ಲ, ಕೈಯಲ್ಲಿರುವುದು 16 ಜಿಬಿಯ ಎಂ1 ಮ್ಯಾಕ್‌ಬುಕ್.

ಆಟೋಕ್ಯಾಡ್‌ಗೆ ಮ್ಯಾಕ್ ಆವೃತ್ತಿಯೇ ಇದೆಯಲ್ಲ ಅನ್ನಬಹುದು. ಇದೆ, ಸರಿ. ಆದರೆ ನಾನು ಕೂಡಿಟ್ಟುಕೊಂಡ ಲಿಸ್ಪ್ ಫೈಲುಗಳಲ್ಲಿ (ಆಟೋಕ್ಯಾಡ್‌ನೊಳಗೆ ಓಡುವ ಪುಟ್ಟ ಪ್ರೋಗ್ರಾಂಗಳು) ಮುಕ್ಕಾಲುಪಾಲು 'ವಿಎಲ್‌ಎ' ಫಂಕ್ಷನ್‌ಗಳನ್ನೇ ನಂಬಿಕೊಂಡಿವೆ. ಅವು ವಿಂಡೋಸ್‌ನ ಆಕ್ಟಿವ್‌ಎಕ್ಸ್ ಎಂಬ ವ್ಯವಸ್ಥೆ ಇಲ್ಲದೆ ಮಿಸುಕುವುದಿಲ್ಲ. ಕೋಣೆ ಮುಟ್ಟಿದರೆ ಹೆಸರು, ವಿಸ್ತೀರ್ಣ ಎರಡೂ ಬರೆದುಕೊಡುವ ಲಿಸ್ಪ್ ಬಿಟ್ಟು ಕೆಲಸ ಮಾಡುವ ತಾಳ್ಮೆ ನನಗಿಲ್ಲ.

ಇಂಟೆಲ್ ಚಿಪ್ಪಿನ ಹಳೇ ಮ್ಯಾಕ್ ಆಗಿದ್ದರೆ, ಮ್ಯಾಕ್‌ನಲ್ಲೇ ನೇರ ವಿಂಡೋಸ್ ಹಾಕಿಕೊಳ್ಳುವ ಬೂಟ್ ಕ್ಯಾಂಪ್‌ನಲ್ಲಿ ಮುಗಿಯುತ್ತಿತ್ತು. 2020ರಲ್ಲಿ ಎಂ1 ಬಂದಾಗ ಆ ಬಾಗಿಲು ಮುಚ್ಚಿತು. ಈಗ ವರ್ಚುವಲ್ ಮಶೀನೇ ಗತಿ, ಅಂದರೆ ಮ್ಯಾಕ್‌ನೊಳಗೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಇನ್ನೊಂದು ಕಂಪ್ಯೂಟರ್. ಅದಕ್ಕಿರುವ ಸಾಫ್ಟ್‌ವೇರುಗಳಲ್ಲಿ ವಿಎಂವೇರ್ ಫ್ಯೂಷನ್ 2024ರ ನವೆಂಬರ್‌ನಿಂದ ಎಲ್ಲರಿಗೂ ಪುಕ್ಕಟೆ. ಆದರೂ ದುಡ್ಡು ಕೊಟ್ಟು ಪ್ಯಾರಲಲ್ಸ್ ಹಾಕಿಕೊಂಡೆ. ಎಂ1 ಆರ್ಮ್ ಮಾದರಿಯ ಚಿಪ್ಪು, ಹಾಗಾಗಿ ಅದರೊಳಗೆ ಕೂರುವುದು ಆರ್ಮ್ ಚಿಪ್ಪಿನ ವಿಂಡೋಸ್ 11. ಆಟೋಕ್ಯಾಡ್ ಇಂಟೆಲ್ ಮಾದರಿಯ ಚಿಪ್ಪಿಗೆ ಬರೆದದ್ದಾದ್ದರಿಂದ ವಿಂಡೋಸ್ ಅದನ್ನು ಓಡಿಸುತ್ತಲೇ ಆರ್ಮ್‌ಗೆ ಮಾರ್ಪಡಿಸಿಕೊಳ್ಳುತ್ತದೆ. ಆರ್ಮ್ ಪ್ರೊಸೆಸರ್‌ಗೆ ಬೆಂಬಲವಿಲ್ಲ ಎಂದು ಆಟೋಕ್ಯಾಡ್ ಮಾಡುವ ಆಟೋಡೆಸ್ಕ್ ಕಂಪನಿ ಬರೆದೇ ಇಟ್ಟಿದೆ. ಕೆಟ್ಟರೆ ಫೋನ್ ಮಾಡಿ ಕೇಳಲು ಯಾರೂ ಇಲ್ಲ.

ಜೂನ್

8 ಜಿಬಿ, 4 ಕೋರ್ ವಿಂಡೋಸ್‌ಗೆ ಕೊಟ್ಟಿದ್ದೇನೆ. ಪ್ಯಾರಲಲ್ಸ್‌ನ ಸ್ಟ್ಯಾಂಡರ್ಡ್ ಆವೃತ್ತಿಯ ಮಿತಿಯೂ ಅಷ್ಟೇ. 2ಡಿ ನಕ್ಷೆಗೆ ಧಾರಾಳ. ಕಾಟ ಕೊಟ್ಟದ್ದು ವೇಗ ಅಲ್ಲ, ಕೀಬೋರ್ಡು. ಆಟೋಕ್ಯಾಡ್‌ನಲ್ಲಿ ಪದೇಪದೇ ಬೇಕಾಗುವ ಎಫ್3, ಎಫ್8 ಒತ್ತಿದರೆ ಮ್ಯಾಕ್ ತನ್ನ ಕೆಲಸ ಮಾಡಿಕೊಳ್ಳುತ್ತದೆ, ಹಾಡು ಶುರುವಾಗುತ್ತದೆ! ಮ್ಯಾಕ್‌ನ ಸೆಟ್ಟಿಂಗ್ಸ್‌ನಲ್ಲಿ ಎಫ್ ಕೀಗಳನ್ನು ಮಾಮೂಲಿ ಫಂಕ್ಷನ್ ಕೀ ಮಾಡಿಕೊಂಡರೆ ಸರಿಹೋಗುತ್ತದೆ. ಟ್ರ್ಯಾಕ್‌ಪ್ಯಾಡಂತೂ ಈ ಕೆಲಸಕ್ಕಲ್ಲ. ಚಕ್ರ ಇರುವ ಅಗ್ಗದ ಮೌಸ್ ಸಾಕು.

ಅಳತೆಯ ವಿಷಯ. ತೊಟ್ಟಿ ನಾಲ್ಕೂ ಕಡೆ 12 ಅಡಿ. ಚೌಕವೇ ಆಗಿದ್ದರೆ ಮೂಲೆಯಿಂದ ಮೂಲೆಗೆ 17 ಅಡಿಗೆ ಅರ್ಧ ಇಂಚಿನಷ್ಟೂ ಕಡಿಮೆ ಬರಬಾರದು. ಟೇಪ್ ಹಿಡಿದರೆ ಒಂದು ಕಡೆ 17 ಅಡಿ 1 ಇಂಚು, ಇನ್ನೊಂದು ಕಡೆ 16 ಅಡಿ 10 ಇಂಚು. ಕಟ್ಟಿದವರು ಕಣ್ಣಳತೆಯಲ್ಲೇ ತಿರುಗಿಸಿಬಿಟ್ಟಿದ್ದಾರೆ. ಹಾಗಾಗಿ ಗೆರೆಗಳನ್ನು ನೇರ ಅಡ್ಡ, ಉದ್ದಕ್ಕಷ್ಟೇ ಬಿಡುವ ಆರ್ಥೋ ಆಫ್. ಒಂದು ಗೋಡೆ ಎಳೆದು, ಅದರ ಎರಡು ತುದಿಯಿಂದ ಅಳತೆಯ ತ್ರಿಜ್ಯಕ್ಕೆ ವೃತ್ತ ಹಾಕಿ, ಅವು ಕತ್ತರಿಸಿದಲ್ಲಿ ಮೂರನೇ ಮೂಲೆ. ಜಗಲಿ, ನಡುಮನೆ, ಅಡಿಗೆಮನೆ ಎಲ್ಲವನ್ನೂ ಹೀಗೇ ತಂದು ಕೂಡಿಸಿದೆ.

ಕರೆಂಟು ಹೋದರೂ ಮ್ಯಾಕ್ ತನ್ನ ಪಾಡಿಗೆ ಓಡುತ್ತದೆ. ಬ್ಯಾಟರಿ ಇಳಿದರೆ ವಿಂಡೋಸನ್ನು ಸಸ್ಪೆಂಡ್ ಮಾಡಿ ಮುಚ್ಚಿಡುತ್ತೇನೆ, ತೆರೆದಾಗ ಅರ್ಧ ಎಳೆದ ಗೆರೆಯಿಂದಲೇ ಮುಂದುವರಿಯಬಹುದು. ಮಲೆನಾಡಿನ ಜೂನ್‌ನಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ಬೇಕಿಲ್ಲ.

ಜುಲೈ

ಹಳೇ ಸೈಟ್ ಪ್ಲ್ಯಾನಿನ ಫೈಲ್ ಸಿಕ್ಕಿತು. ಕನ್ನಡವೆಲ್ಲ ನುಡಿಯ ಹಳೇ ಫಾಂಟಿನಲ್ಲಿದೆ, ಯೂನಿಕೋಡ್ ಅಲ್ಲ. ಮೊದಲು ಕಂಡದ್ದು ಬರೀ ವಿಚಿತ್ರ ಅಕ್ಷರ. ನುಡಿ ಫಾಂಟನ್ನು ವಿಂಡೋಸ್‌ನೊಳಗೇ ಹಾಕಬೇಕು, ಮ್ಯಾಕ್‌ನಲ್ಲಿದ್ದರೆ ಸಾಲದು. ಹಾಕಿದ ಮೇಲೆ 'ಹಿತ್ತಲು', 'ಕೊಟ್ಟಿಗೆ' ಎಲ್ಲ ಚೊಕ್ಕ ಬಂತು.

ಇಂಟೆಲ್ ವಿಂಡೋಸ್‌ಗೆ ಬರೆದ ಡ್ರೈವರುಗಳನ್ನು (ಪ್ರಿಂಟರಿನಂಥ ಸಾಧನ ನಡೆಸುವ ಸಾಫ್ಟ್‌ವೇರ್) ಈ ಆರ್ಮ್ ವಿಂಡೋಸ್ ಒಪ್ಪುವುದಿಲ್ಲ. ಪೆನ್‌ಡ್ರೈವಿನಂಥ ಯುಎಸ್‌ಬಿ ಲೈಸೆನ್ಸ್ ಲಾಕ್ ಚುಚ್ಚಿ ಓಡಿಸುವ ಸಾಫ್ಟ್‌ವೇರ್ ಇರುವವರು ಈ ದಾರಿಗೆ ಬರುವ ಮೊದಲು ಆರ್ಮ್ ಡ್ರೈವರ್ ಇದೆಯೇ ನೋಡಿಕೊಳ್ಳಿ. ನಾನು ಪ್ರಿಂಟಿಗೆ ಪಿಡಿಎಫ್ ಮಾಡಿ ಮ್ಯಾಕ್‌ನಿಂದಲೇ ಕಳಿಸುತ್ತೇನೆ. 60 ಅಡಿಗೆ 52 ಅಡಿಯ ಮನೆ 1:50ರಲ್ಲಿ ಸುಮಾರು 366ಕ್ಕೆ 317 ಮಿಲಿಮೀಟರ್, ಎ2 ಹಾಳೆಯಲ್ಲಿ ಕೂರುತ್ತದೆ. ಅಂಗಡಿಯವರಿಗೆ 'ಫಿಟ್ ಟು ಪೇಜ್ ಬೇಡ', ಅಂದರೆ ಹಾಳೆಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸುವುದು ಬೇಡ ಎಂದು ಹೇಳಿಯೇ ಕೊಡಬೇಕು, ಇಲ್ಲದಿದ್ದರೆ ಸ್ಕೇಲ್ ಹೋಯಿತೆಂದೇ ಲೆಕ್ಕ.

ಹಾಳೆ ನೋಡಿದ ಆಚಾರ್ರು, "ಮಿಲಿಮೀಟರ್ ನಂಗೆ ಬ್ಯಾಡ, ಅಡಿ ಇಂಚಲ್ಲಿ ಹಾಕ್ಕೊಡಿ" ಅಂದರು. ಡೈಮೆನ್ಷನ್ ಸ್ಟೈಲ್‌ನಲ್ಲಿ ಆಲ್ಟರ್ನೇಟ್ ಯೂನಿಟ್ ಆನ್ ಮಾಡಿ ಎರಡೂ ಬರುವಂತೆ ಮಾಡಿದೆ.

ಮಾಡಿನ 3ಡಿ ಮಾದರಿಗೂ ಕೈಹಾಕಿದ್ದೆ. ಪಕಾಸು, ರೀಪು ಎಲ್ಲ ಸೇರಿಸಿ ತಿರುಗಿಸಿದರೆ ತಡವರಿಸುತ್ತದೆ. ಅದನ್ನು ಆಫೀಸಿನ ಯಂತ್ರಕ್ಕೆ ಬಿಟ್ಟು, ಇಲ್ಲಿ ಸೆಕ್ಷನ್ (ಮನೆಯನ್ನು ನಡುವೆ ಸೀಳಿದಂತೆ ತೋರಿಸುವ ನಕ್ಷೆ) ಮಾತ್ರ ಎಳೆಯುತ್ತಿದ್ದೇನೆ. ಅಟ್ಟದ ಕೆಳಗಿನ ತೊಲೆಗಳ ಅಳತೆ ಇನ್ನೂ ಬಾಕಿ. ಅಡಿಕೆ ಮೂಟೆ ಸರಿಸದೆ ಟೇಪ್ ಹೋಗುವುದಿಲ್ಲ.