ಸಿಎಸ್‌ಎಸ್ ಹಡಗುಗಳು ಮತ್ತು ನಮ್ಮ ಎರೆ ಹೊಲದ ಹತ್ತಿ

ಹುಬ್ಬಳ್ಳಿ
ಭಾನುವಾರ, 9 ಫೆಬ್ರುವರಿ 2025

ನಾನು ಮಕ್ಕಳಿಗೆ ಕಲಿಸುವ ಸಿಎಸ್‌ಎಸ್ ಅಂದರೆ ಕ್ಯಾಸ್ಕೇಡಿಂಗ್ ಸ್ಟೈಲ್ ಶೀಟ್ಸ್. ವೆಬ್ ಪುಟದ ಬಣ್ಣ, ಅಕ್ಷರದ ಅಳತೆ, ಸಾಲಿನ ನಡುವಿನ ಜಾಗ ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ಇದೇ ಮೂರಕ್ಷರ ಹಳೇ ಯುದ್ಧದ ಹಡಗುಗಳ ಹೆಸರಿನ ಮುಂದೆಯೂ ಇತ್ತು. ಅಮೆರಿಕದ ಒಂದು ರೈಲು ಕಂಪನಿಗೂ ಇದೆ. ಇವತ್ತು ಮಧ್ಯಾಹ್ನವೆಲ್ಲ ಹಡಗಿನ ಕಥೆ ಓದುತ್ತಾ ಕೂತೆ. ಆ ಕಥೆ ಸೀದಾ ನಮ್ಮ ಎರೆ ಹೊಲಕ್ಕೆ ಬಂದು ಮುಟ್ಟಿತು.

1861ರಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟು ಬೇರೆ ಸರ್ಕಾರ ಮಾಡಿಕೊಂಡವು. ಗುಲಾಮಗಿರಿ ಉಳಿಸಿಕೊಳ್ಳಬೇಕಿತ್ತು ಅವರಿಗೆ. ಉತ್ತರದ ರಾಜ್ಯಗಳ ಜೊತೆ ಯುದ್ಧ ಶುರುವಾಯಿತು. ದಕ್ಷಿಣದವರ ಆ ಕಾನ್‌ಫೆಡರೇಟ್ ಸ್ಟೇಟ್ಸ್‌ನ ನೌಕಾಪಡೆಯ ಹಡಗುಗಳೇ ಸಿಎಸ್‌ಎಸ್, ಅಂದರೆ ಕಾನ್‌ಫೆಡರೇಟ್ ಸ್ಟೇಟ್ಸ್ ಶಿಪ್. ಮೈಗೆಲ್ಲ ಕಬ್ಬಿಣ ಹೊದ್ದ ಸಿಎಸ್‌ಎಸ್ ವರ್ಜೀನಿಯಾ 1862ರ ಮಾರ್ಚ್ 9ರಂದು ಉತ್ತರದವರ ಮಾನಿಟರ್ ಎಂಬ ಹಡಗಿನ ಜೊತೆ ಗಂಟೆಗಟ್ಟಲೆ ಕಾದಾಡಿತು. ಯಾರೂ ಗೆಲ್ಲಲಿಲ್ಲ. ಕಬ್ಬಿಣ ಹೊದ್ದ ಹಡಗುಗಳು ಎದುರುಬದುರಾದ ಮೊದಲ ಕಾಳಗ ಅದು. ಸಿಎಸ್‌ಎಸ್ ಅಲಬಾಮಾ ತಯಾರಾಗಿದ್ದು ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ. ಹಾಯಿಯೂ ಇತ್ತು, ಉಗಿ ಎಂಜಿನ್ನೂ ಇತ್ತು. ಉತ್ತರದವರ ವ್ಯಾಪಾರಿ ಹಡಗುಗಳನ್ನು ಹಿಡಿದು ಸುಡುತ್ತಾ ಹಿಂದೂ ಮಹಾಸಾಗರದವರೆಗೂ ಬಂತು. 1864ರ ಜೂನ್ 19ರಂದು ಫ್ರಾನ್ಸಿನ ಶೆರ್ಬೂರ್ ಹತ್ತಿರ ಮುಳುಗಿತು. ಸಾಹಸದ ಕಥೆ, ನಿಜ. ಆದರೆ ಅವು ಕಾಯುತ್ತಿದ್ದದ್ದು ಗುಲಾಮರ ಬೆವರಿನ ಹತ್ತಿಯನ್ನು. ನನಗಂತೂ ಆ ಹಡಗುಗಳ ಮೇಲೆ ಅಭಿಮಾನ ಹುಟ್ಟುವುದಿಲ್ಲ.

ಉತ್ತರದವರು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು. ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಬಟ್ಟೆ ಗಿರಣಿಗಳಿಗೆ ಅಲ್ಲಿಂದ ಹತ್ತಿ ಬರುವುದು ಬಹುತೇಕ ನಿಂತಿತು. ಕೂಲಿಕಾರರು ಉಪವಾಸ ಬಿದ್ದರು. ಆಗ ಗಿರಣಿ ಮಾಲೀಕರ ಕಣ್ಣು ಇಂಡಿಯಾದ ಕಡೆ ಹೊರಳಿತು. ನಮ್ಮಲ್ಲಿ 1840ರ ದಶಕದಲ್ಲೇ ಹುಬ್ಬಳ್ಳಿ ಪಕ್ಕದ ಕುಸುಗಲ್‌ನಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿ ಬೀಜ ಬಿತ್ತಿ ನೋಡಿದ್ದರು. ಅದು ಈ ಮಣ್ಣಿಗೆ ಒಗ್ಗಿ 'ಧಾರವಾಡ ಅಮೆರಿಕನ್' ಅನ್ನಿಸಿಕೊಂಡಿತ್ತು. ಜೊತೆಗೆ ನಮ್ಮ ನಾಡಹತ್ತಿ ಇದ್ದೇ ಇತ್ತು. ರೈಲು ಇನ್ನೂ ಬಂದಿರಲಿಲ್ಲ. ಹತ್ತಿ ಘಟ್ಟ ಇಳಿದು ಕುಮಟಾ ಬಂದರು ಸೇರಿ, ಅಲ್ಲಿಂದ ಹಡಗಿನಲ್ಲಿ ಮುಂಬೈಗೆ ಹೋಗುತ್ತಿತ್ತು. ಅದಕ್ಕೇ ಧಾರವಾಡ ಸೀಮೆಯ ನಾಡಹತ್ತಿಗೆ ಪೇಟೆಯಲ್ಲಿ 'ಕುಮಟಾ' ಅಂತಲೇ ಹೆಸರು ಬಿತ್ತು. ಬಿತ್ತಿ ಬೆಳೆದ ಊರುಗಳ ಹೆಸರು ಯಾರಿಗೂ ಬೇಕಾಗಲಿಲ್ಲ ಅನ್ನುವುದು ನನಗೆ ಇವತ್ತಿಗೂ ಚುಚ್ಚುತ್ತದೆ.

ಯುದ್ಧ ನಡೆದಷ್ಟು ದಿನ ರೇಟು ಏರಿತು. 1865ರಲ್ಲಿ ಯುದ್ಧ ಮುಗಿದಿದ್ದೇ ತಡ, ಧಡಕ್ಕನೆ ಬಿತ್ತು. ಮುಂಬೈಯ ದೊಡ್ಡ ದೊಡ್ಡ ಸಾಹುಕಾರರೇ ದಿವಾಳಿಯಾದರು. ಹೀಗಿರುವಾಗ ಹೊಲದವನ ಗತಿ ಏನು? ಈಗಲೂ ಅಮರಗೋಳದ ಎಪಿಎಂಸಿಗೆ ಹತ್ತಿ ತರುವ ರೈತನ ರೇಟು ಅವನ ಕೈಯಲ್ಲಿಲ್ಲ, ಅಲ್ವಾ?

ರೈಲಿನದು ಸಣ್ಣ ಕಥೆ. ಷಿಕಾಗೊ ಸೌತ್ ಶೋರ್ ಅಂಡ್ ಸೌತ್ ಬೆಂಡ್ ರೈಲ್‌ರೋಡ್‌ನ ಗುರುತು ಸಿಎಸ್‌ಎಸ್. 1926ರಿಂದ ಆ ಮಾರ್ಗದ ತಂತಿಯಲ್ಲಿ 1,500 ವೋಲ್ಟ್ ಡಿಸಿ, ಅಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟು. 1925ರಲ್ಲಿ ಮುಂಬೈಯಲ್ಲಿ ಮೊದಲ ವಿದ್ಯುತ್ ರೈಲು ಓಡಿದ್ದೂ ಅದೇ 1,500 ವೋಲ್ಟಿನಲ್ಲಿ. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ತಂತಿಯಲ್ಲಿರುವುದು 25,000 ವೋಲ್ಟ್ ಎಸಿ, ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟು.

ಇನ್ನು ನನ್ನ ಸಿಎಸ್‌ಎಸ್. 1994ರ ಅಕ್ಟೋಬರ್‌ನಲ್ಲಿ ಕಂಪ್ಯೂಟರ್ ತಜ್ಞ ಹೋಕನ್ ವಿಯಂ ಲೀ ಇದರ ಪ್ರಸ್ತಾಪ ಮುಂದಿಟ್ಟರು. ಬರ್ಟ್ ಬಾಸ್ ಜೊತೆಗೂಡಿದರು. 1996ರ ಡಿಸೆಂಬರ್‌ನಲ್ಲಿ ಮೊದಲ ಆವೃತ್ತಿ ಬಂತು. ಇದರಲ್ಲಿ ನನಗೆ ತುಂಬಾ ಇಷ್ಟವಾಗುವ ಸಂಗತಿ ಒಂದಿದೆ. ಪುಟ ಮಾಡಿದವರ ಮಾತಷ್ಟೇ ನಡೆಯಬಾರದು, ಓದುವವರ ಇಷ್ಟಕ್ಕೂ ಜಾಗ ಇರಬೇಕು ಅಂತ ಮೊದಲ ದಿನದಿಂದಲೇ ಯೋಚಿಸಿದ್ದರು. ಕಣ್ಣು ಮಂಜಾದ ಅಜ್ಜ ಅಕ್ಷರ ದೊಡ್ಡದು ಮಾಡಿಕೊಂಡರೆ ಪುಟ ಅದಕ್ಕೆ ಒಪ್ಪಲೇಬೇಕು.

ಕನ್ನಡಕ್ಕಂತೂ ಈ ಕಾಳಜಿ ಇನ್ನೂ ಜಾಸ್ತಿ ಬೇಕು. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಲೈನ್ ಹೈಟ್ (ಸಾಲಿನ ಎತ್ತರ) ಕಮ್ಮಿ ಇಟ್ಟರೆ ಅದು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಬಾಕ್ಸಿನ ಎತ್ತರ ಬಿಗಿದು ಓವರ್‌ಫ್ಲೋ ಹಿಡನ್ (ಹೊರಗೆ ಚಾಚಿದ್ದನ್ನು ಮರೆಮಾಡು) ಅಂತ ಬರೆದರೆ ಒತ್ತೇ ಕತ್ತರಿಸಿ ಹೋಗಿ ಹತ್ತಿ 'ಹತಿ' ಆಗುತ್ತದೆ, ಹುಬ್ಬಳ್ಳಿ 'ಹುಬಳಿ' ಆಗುತ್ತದೆ. ನಾಳೆ ಕ್ಲಾಸಿನಲ್ಲಿ ಮಕ್ಕಳಿಂದ ಕುಮಟಾ ಹತ್ತಿಯ ಮೇಲೆ ಒಂದು ಪುಟ ಮಾಡಿಸುತ್ತೇನೆ. ಲೈನ್ ಹೈಟ್ ಅಕ್ಷರದ ಅಳತೆಯ 1.7 ಪಟ್ಟು ಇರಲಿ. ಬಾಕ್ಸಿಗೆ ಎತ್ತರ ಕೊಡುವುದೇ ಬೇಡ.