ಕ್ಯಾರಲ್ ಕೇಳೋಕೆ ಚರ್ಚಿಗೇ ಹೋಗಬೇಕಾ?

ಡಿಸೆಂಬರ್ ಬಂತೆಂದರೆ ನಾನು ಕ್ಯಾರಲ್, ಅಂದರೆ ಕ್ರಿಸ್‌ಮಸ್ ಹಾಡು, ಕೇಳಲು ಚರ್ಚಿಗೆ ಹೊರಡುತ್ತೇನೆ, ಗೆಳೆಯರು ತಪ್ಪದೆ ಕೇಳುತ್ತಾರೆ. "ಇದೆಲ್ಲಾ ಯೂಟ್ಯೂಬಲ್ಲೇ ಸಿಗುತ್ತಲ್ಲ, ಆ ಟ್ರಾಫಿಕ್‌ನಲ್ಲಿ ಎಂಜಿ ರೋಡ್‌ವರೆಗೆ ಯಾಕೆ ಹೋಗ್ತೀಯಾ?"

ಹಾಡು ಮೊಬೈಲಲ್ಲಿ ಸಿಗುತ್ತದೆ, ನಿಜ. ಆದರೆ ಆ ಕಟ್ಟಡ ಸಿಗುವುದಿಲ್ಲ, ಮತ್ತು ಅಲ್ಲಿ ಹಾಡುವವರಲ್ಲಿ ಕಟ್ಟಡವೂ ಒಂದು. ನಾನು ಹೋಗುವ ಚರ್ಚು ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲ್, ಕಟ್ಟಿ ಮುಗಿಸಿದ್ದು 1812ರಲ್ಲಿ. 1923ರಲ್ಲಿ ಬೆಂಕಿ ಬಿತ್ತು, ದುರಸ್ತಿಯಾಗಿ 1927ರಲ್ಲಿ ಮತ್ತೆ ಬಾಗಿಲು ತೆರೆಯಿತು. ಒಳಗೆ ಮೇಲೆ ಗುಮ್ಮಟ, ಮುಂದೆ ಅರ್ಧವೃತ್ತದ ಗೋಡೆ. ಗಾಯಕರು ಬಾಯಿ ಮುಚ್ಚಿದ ಮೇಲೂ ಸ್ವರ ಸ್ವಲ್ಪ ಹೊತ್ತು ಮೇಲೆ ಸುತ್ತಾಡುತ್ತಾ ಇರುತ್ತದೆ, ಅಷ್ಟರಲ್ಲಿ ಮುಂದಿನ ಸ್ವರ ಬಂದು ಅದರ ಜೊತೆ ಸೇರಿಕೊಳ್ಳುತ್ತದೆ. 16ನೇ ಶತಮಾನದ ರೋಮ್‌ನಲ್ಲಿ ಪ್ಯಾಲೆಸ್ಟ್ರೀನಾ ಬರೆದ ಸಂಗೀತ ಇಂಥ ಜಾಗಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆತುರವಿಲ್ಲ, ಒಂದರ ಮೇಲೊಂದು ದನಿ ನಿಧಾನವಾಗಿ ಏಳುತ್ತದೆ. ಎಲ್ಲರೂ ಚರ್ಚಿನ ಸಂಗೀತ ಅಂದುಕೊಂಡಿರುವ ಹ್ಯಾಂಡಲ್‌ನ 'ಮೆಸಾಯ' ಮೊದಲು ಕೇಳಿಸಿದ್ದು 1742ರಲ್ಲಿ, ಡಬ್ಲಿನ್‌ನ ಒಂದು ಸಂಗೀತ ಸಭಾಂಗಣದಲ್ಲಿ! ಅದರ ಚುರುಕಾದ ಸಾಲುಗಳು ತುಂಬಾ ಮೊಳಗುವ ಕಟ್ಟಡದಲ್ಲಿ ಕಲಸಿಹೋಗುತ್ತವೆ. ನನಗಂತೂ ಕೆಥೆಡ್ರಲ್‌ನಲ್ಲಿ ನಿಧಾನದ ಹಾಡುಗಳೇ ಇಷ್ಟ.

ಮೊದಲ ಸಲ ಹೋದವರು ಸಾಮಾನ್ಯವಾಗಿ ಹೇಳುವುದು, "ಚೆನ್ನಾಗಿತ್ತು, ಆದ್ರೆ ಏನು ಹಿಡ್ಕೊಳ್ಳಬೇಕು ಗೊತ್ತಾಗಲಿಲ್ಲ" ಅಂತ. ಸಹಜ. ನಮ್ಮ ಕಿವಿ ಶ್ರುತಿ ಹಿಡಿದು ಒಂದೇ ರಾಗದ ಹಿಂದೆ ಹೋಗಿ ರೂಢಿ. ಇಲ್ಲಿ ಮೇಲಿನಿಂದ ಕೆಳಕ್ಕೆ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಅಂತ ನಾಲ್ಕು ದನಿಗಳು, ನಾಲ್ಕಕ್ಕೂ ಬೇರೆ ಬೇರೆ ಸ್ವರಸಾಲು. ಸೊಪ್ರಾನೊ ಮೇಲಿರುವುದರಿಂದ ಅದೇ ಹಾಡು ಅನ್ನಿಸಿಬಿಡುತ್ತದೆ. ಒಂದು ಸಲ ಅದನ್ನು ಬಿಟ್ಟು ಬಾಸ್ ಹಿಡಿಯಿರಿ. ಮೇಲಿನ ಮೂರೂ ದನಿ ಓಡಾಡುವಾಗ ಹಿಂದಿನ ಸಾಲಿನ ಗಂಡಸರು ಒಂದೇ ಸ್ವರದಲ್ಲಿ ನಿಂತಿರುತ್ತಾರೆ, ಆಮೇಲೆ ಒಂದೇ ಒಂದು ಮೆಟ್ಟಿಲು ಕೆಳಗಿಳಿಯುತ್ತಾರೆ, ಆ ಕ್ಷಣಕ್ಕೆ ಇಡೀ ಹಾಡಿನ ಬಣ್ಣವೇ ಬದಲಾಗುತ್ತದೆ. ನನಗೆ ಅಲ್ಲಿ ಈಗಲೂ ಮೈ ಜುಂ ಅನ್ನುತ್ತದೆ.

ಮುಂದೆ ಕೂತರೆ ಇನ್ನೊಂದು ಸುಖ. ಗಾಯಕರನ್ನು ಮುನ್ನಡೆಸುವ ಕಂಡಕ್ಟರ್ ಕೈ ಎತ್ತುತ್ತಾರೆ, ಹಾಳೆ ಸರಿಸುವ ಸದ್ದು ನಿಲ್ಲುತ್ತದೆ, ಎಲ್ಲರೂ ಒಟ್ಟಿಗೆ ಉಸಿರು ಎಳೆದುಕೊಳ್ಳುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಆದರೆ ದನಿಗಳು ಚೆನ್ನಾಗಿ ಬೆರೆತು ಬರಬೇಕೆಂದರೆ ಮಧ್ಯಕ್ಕಿಂತ ಸ್ವಲ್ಪ ಹಿಂದೆ ಕೂರಬೇಕು.

"ನಾವು ಕ್ರೈಸ್ತರಲ್ಲ, ಹೋಗಬಹುದಾ?" ಅಂತಲೂ ಕೇಳುತ್ತಾರೆ. ಧಾರಾಳವಾಗಿ ಹೋಗಿ. ಆದರೆ ಅದು ಪ್ರಾರ್ಥನೆ, ಕಛೇರಿ ಅಲ್ಲ. ಎಲ್ಲರೂ ಎದ್ದಾಗ ಏಳಿ, ಮೊಬೈಲ್ ಒಳಗಿಡಿ, ಬೇರೆಯವರು ತಟ್ಟದೆ ಚಪ್ಪಾಳೆ ತಟ್ಟಬೇಡಿ. ಕ್ಯಾರಲ್ ದಿನ ಜಾಗ ಬೇಗ ತುಂಬುತ್ತದೆ, ಅರ್ಧ ಗಂಟೆ ಮುಂಚೆಯೇ ಹೋಗಿ. ಮೆಟ್ರೋ ಇದೆ, ಕಾರು ಮನೆಯಲ್ಲೇ ಇರಲಿ.